ಮಡಚುವ ಚಾಕು ಇರೋರು ಬನ್ನಿ: ಯಾವುದಿದೆ, ಎಲ್ಲಿ ಇಟ್ಟುಕೊಳ್ಳುತ್ತೀರಿ, ಹೇಗೆ ಮಸೆಯುತ್ತೀರಿ?

ಮಡಚುಚಾಕು (ಬೆಂಗಳೂರು):

ಇಲ್ಲಿ ಕತ್ತಿ, ಮಚ್ಚು, ಕೊಡಲಿ ಬಗ್ಗೆ ಬೇಕಾದಷ್ಟು ಮಾತಾಗಿದೆ. ಜೇಬಿನಲ್ಲಿ ಇಟ್ಟುಕೊಳ್ಳುವ ಮಡಚುವ ಚಾಕು ಬಗ್ಗೆ ಯಾರೂ ಬರೆದ ಹಾಗಿಲ್ಲ. ಅದಕ್ಕೇ ಇದನ್ನು ಶುರು ಮಾಡಿದ್ದೇನೆ.

ನನ್ನ ಹತ್ತಿರ ಸದ್ಯ ನಾಲ್ಕು ಇವೆ. ಫ್ರಾನ್ಸಿನ ಒಪಿನೆಲ್ 8ನೇ ನಂಬರು, ಕಾರ್ಬನ್ ಉಕ್ಕಿನದು. ಜಪಾನಿನ ಹಿಗೊನೊಕಾಮಿ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್. ಆಮೇಲೆ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ, ಇಂಗ್ಲೆಂಡಿನ ಶೆಫೀಲ್ಡ್ ಊರಿನ ಒಂದು ಪೆನ್‌ಚಾಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಐದನೇ ಚಾಕು ಕೊಳ್ಳುವ ಮೊದಲು ಮೊದಲನೆಯದನ್ನು ಮಸೆಯಲು ಕಲಿಯಬೇಕು. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿಟ್ಟ ಚಾಕುಗಳ ಫೋಟೋ ಬಹಳ ನೋಡಿದ್ದೇನೆ. ಅದರಲ್ಲೊಂದು ತೆಗೆದು ಟೊಮೆಟೊ ಮೇಲೆ ಇಟ್ಟರೆ ಸಿಪ್ಪೆ ಮೇಲೇ ಜಾರುತ್ತದೆ. ಕಂಪನಿಯಿಂದ ಬಂದ ಹರಿತ ಹೆಚ್ಚು ದಿನ ಇರುವುದಿಲ್ಲ. ಅದು ಹೋದ ಮೇಲೇ ಚಾಕು ನಿಜವಾಗಿ ನಮ್ಮದಾಗೋದು.

ಒಪಿನೆಲ್‌ನಿಂದ ಶುರು ಮಾಡಲು ಕಾರಣ ಇದೆ. ಅದು ಶ್ರೀಮಂತರ ಚಾಕು ಅಲ್ಲ. 1890ರಲ್ಲಿ ಸವೋಯ್ ಪರ್ವತ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಅನ್ನುವ ಹುಡುಗ, ಅಪ್ಪನ ಕೊಡಲಿ, ಕುಡುಗೋಲು ಮಾಡುವ ಕುಲುಮೆಯಲ್ಲಿ ರೈತರಿಗಾಗಿ ಮಾಡಿದ್ದು. 1897ರಲ್ಲಿ 1ರಿಂದ 12ರವರೆಗೆ ನಂಬರು ಕೊಟ್ಟು ಅಳತೆ ಗೊತ್ತು ಮಾಡಿದ. 8ನೇ ನಂಬರಿನ ಅಲಗು 8.5 ಸೆಂಟಿಮೀಟರ್. ಒಂದು ಮರದ ಹಿಡಿ, ಒಂದು ಅಲಗು, ಒಂದು ಮೊಳೆ, ಒಂದು ಉಂಗುರ. ತಿರುಗಿಸಿದರೆ ಅಲಗು ಲಾಕ್ ಆಗುವ ಆ ಉಂಗುರ 1955ರಲ್ಲಿ ಬಂತು. ಅಲ್ಲಿಂದ ಇಲ್ಲಿವರೆಗೆ ಹೆಚ್ಚೇನೂ ಬದಲಾಗಿಲ್ಲ. ಅಲಗು ತೆಳ್ಳಗಿರುವುದರಿಂದ ಮಸೆಯಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಸಿಗೋದು ಕಷ್ಟ.

ನಿಮ್ಮ ಹತ್ತಿರ ಏನಿದೆ, ಯಾವ ಕೆಲಸಕ್ಕೆ ಬಳಸುತ್ತೀರಿ, ಮಳೆಗಾಲದಲ್ಲಿ ಹೇಗೆ ಕಾಪಾಡುತ್ತೀರಿ, ಬರೆಯಿರಿ.

ತೋಟದಮನೆ (ಶಿರಸಿ ಹತ್ತಿರ):

ಒಳ್ಳೆ ವಿಷಯ ತೆಗೆದಿರಿ. ನನ್ನ ಹತ್ತಿರವೂ ಅದೇ 8ನೇ ನಂಬರು ಇದೆ. ಬೇಸಿಗೆಯಲ್ಲಿ ಅದರಷ್ಟು ಚೆಂದದ ಚಾಕು ಇನ್ನೊಂದಿಲ್ಲ. ಜೂನ್ ಬಂತು ಅಂದರೆ ಕಥೆ ಬೇರೆ. ಹಿಡಿ ನೀರು ಕುಡಿದು ಉಬ್ಬುತ್ತದೆ, ಅಲಗು ಒಳಗೇ ಕಚ್ಚಿಕೊಳ್ಳುತ್ತದೆ. ಉಗುರು ಹಾಕಿ ಎಳೆದರೂ ಬರೋದಿಲ್ಲ. ನಮ್ಮ ಕಡೆ ಮಳೆ ಹಿಡಿದರೆ ಬಿಸಿಲು ಕಾಣುವುದೇ ಅಪರೂಪ.

ತುಕ್ಕಿಗೆ ಮಾತ್ರ ನಾನು ಒಂದು ದಾರಿ ಕಂಡುಕೊಂಡಿದ್ದೇನೆ. ಕಾರ್ಬನ್ ಉಕ್ಕಿನ ಅಲಗಿಗೆ ಮಾವಿನಕಾಯಿ, ಬಾಳೆಕಾಯಿ ಕೊಯ್ದರೆ ಕಪ್ಪು ಕಲೆ ಬೀಳುತ್ತದಲ್ಲ. ಅದು ತುಕ್ಕಲ್ಲ, ಅದು ಇದ್ದರೆ ಕೆಂಪು ತುಕ್ಕು ಹಿಡಿಯೋದು ಕಡಿಮೆ. ಹೊರಗಿನ ದೇಶದವರು ಇದಕ್ಕೆ ಟೀ ಡಿಕಾಕ್ಷನ್, ವಿನೆಗರ್ ಬಳಸುತ್ತಾರೆ. ನಮ್ಮಲ್ಲಿ ಅಡಕೆ ಬೇಯಿಸಿದ ಚೊಗರು ಇರುವಾಗ ಅದೆಲ್ಲ ಯಾಕೆ? ಅಲಗನ್ನು ಸೋಪು ಹಾಕಿ ಎಣ್ಣೆ ಜಿಡ್ಡು ಪೂರ್ತಿ ಹೋಗುವ ಹಾಗೆ ತೊಳೆದೆ. ಒರೆಸಿ ಒಣಗಿಸಿ, ಹಿಡಿಗೆ ತಾಗದ ಹಾಗೆ ಬಿಸಿ ಚೊಗರಿನಲ್ಲಿ ಇಳಿಬಿಟ್ಟೆ. ಹೊರಗೆ ತೆಗೆದಾಗ ನೀಲಿ ಬೆರೆತ ಕಪ್ಪು. ಚೊಗರಿನಲ್ಲಿರುವ ಒಗರು, ಅಂದರೆ ಟ್ಯಾನಿನ್, ಕಬ್ಬಿಣದ ಜೊತೆ ಸೇರಿ ಬರುವ ಬಣ್ಣ ಅದು. ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿಟ್ಟೆ. ಅಲ್ಲಲ್ಲಿ ಮೋಡದ ಹಾಗೆ ಕಾಣುತ್ತದೆ, ನನಗೆ ಅದೇ ಇಷ್ಟ.

ಹಿಡಿ ಉಬ್ಬುವುದಕ್ಕೆ ಏನು ಮಾಡಬೇಕು ಅಂತ ಯಾರಾದರೂ ಹೇಳಿ.

ಮಡಚುಚಾಕು (ಬೆಂಗಳೂರು):

ಚೊಗರಿನ ವಿಷಯ ಓದಿ ಖುಷಿಯಾಯಿತು ಸರ್. ಫೋಟೋ ಹಾಕಿ ದಯವಿಟ್ಟು.

ಅಂಟಿಕೊಂಡ ಒಪಿನೆಲ್ ಬಿಚ್ಚಲು ಸವೋಯ್ ಜನರದ್ದೇ ಒಂದು ಉಪಾಯ ಇದೆ. ಮಡಚಿದ ಚಾಕುವಿನ ಹಿಡಿಯ ತುದಿಯನ್ನು ಮೇಜಿನ ಅಂಚಿಗೆ ಕುಟ್ಟಬೇಕು. ಉಂಗುರದ ಕಡೆ ಅಲ್ಲ, ಹಿಂದಿನ ಬಾಲದ ಕಡೆ. ಅಲಗು ಸ್ವಲ್ಪ ಮೇಲೆ ಏಳುತ್ತದೆ, ಆಗ ಉಗುರಿಗೆ ಸಿಗುತ್ತದೆ. ಉಂಗುರವನ್ನು ಮೊದಲು ಬಿಚ್ಚಿದ ಜಾಗಕ್ಕೆ ತಿರುಗಿಸಿಕೊಳ್ಳುವುದು ಮರೆಯಬೇಡಿ. ಈಗಿನ ಒಪಿನೆಲ್‌ಗಳಲ್ಲಿ ಮಡಚಿದಾಗಲೂ ಲಾಕ್ ಆಗುತ್ತದೆ.

ಇದು ತುರ್ತಿಗೆ ಮಾತ್ರ. ಶಾಶ್ವತವಾಗಿ ಸರಿಯಾಗಬೇಕು ಅಂದರೆ ಮಾರ್ಚ್, ಏಪ್ರಿಲ್‌ನಲ್ಲಿ ಹಿಡಿ ಚೆನ್ನಾಗಿ ಒಣಗಿರುವಾಗ ಅಗಸೆ ಎಣ್ಣೆ ಕುಡಿಸಿ. ಅಲಗು ಕೂರುವ ಸೀಳಿನ ಒಳಗೆ, ಮೊಳೆಯ ಸುತ್ತ ಹೋಗಬೇಕು, ಉಬ್ಬುವುದು ಅಲ್ಲೇ. ಮೇಲೆ ಮಾತ್ರ ಸವರಿದರೆ ಪ್ರಯೋಜನ ಇಲ್ಲ. ಆಮೇಲೆ ವಾರಗಟ್ಟಲೆ ಒಣಗಲು ಬಿಡಿ. ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುತ್ತದೆ, ಕೊಬ್ಬರಿ ಎಣ್ಣೆ ಆಗುವುದಿಲ್ಲ. ಅದಕ್ಕೇ ಅಲಗಿಗೆ ಕೊಬ್ಬರಿ ಎಣ್ಣೆ, ಹಿಡಿಗೆ ಅಗಸೆ ಎಣ್ಣೆ. ಇಷ್ಟಾದ ಮೇಲೂ ಕಚ್ಚಿಕೊಂಡರೆ ಸೀಳಿನ ಒಳಗೆ ಉಪ್ಪುಕಾಗದ ಮಡಚಿ ಹಾಕಿ ಸ್ವಲ್ಪ ಉಜ್ಜಿ.

ಕುಲುಮೆ (ಹಾಸನ):

ನಮ್ಮದು ಕುಲುಮೆ ಮನೆ. ಅಪ್ಪ ಈಗಲೂ ಕುಡುಗೋಲು, ಮಚ್ಚಿಗೆ ಹದ ಕೊಡುತ್ತಾರೆ. ಮಸೆಯೋದರ ಬಗ್ಗೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲನೇ ಮಾತು. ಜೇಬಿನ ಚಾಕುವನ್ನು ಸಾಣೆ ಚಕ್ರಕ್ಕೆ ಕೊಡಬೇಡಿ. ಬೀದಿಯಲ್ಲಿ ಸಾಣೆ ಹಿಡಿಯುವವರ ಮೇಲೆ ನನಗೆ ಗೌರವ ಇದೆ. ಮಚ್ಚು, ಕತ್ತರಿ, ಈಳಿಗೆ ಮಣೆಗೆ ಅವರೇ ಸರಿ. ಆದರೆ ಮಡಚುವ ಚಾಕುವಿನ ಅಂಚು ಕಾಗದದಷ್ಟು ತೆಳ್ಳಗಿರುತ್ತದೆ. ನೀರಿಲ್ಲದೆ ಜೋರಾಗಿ ಓಡುವ ಚಕ್ರಕ್ಕೆ ತಾಗಿದ ಕೂಡಲೇ ಆ ಅಂಚು ಕಾಯುತ್ತದೆ. ಕಾರ್ಬನ್ ಉಕ್ಕು 220 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. 300 ಮುಟ್ಟಿದರೆ ನೀಲಿ. ಅಂಚಿನಲ್ಲಿ ನೀಲಿ ಕಂಡರೆ ಅಲ್ಲಿ ಹದ ಹೋಯಿತು ಅಂತಲೇ ಲೆಕ್ಕ. ಎಷ್ಟು ಮಸೆದರೂ ಆ ಭಾಗ ಬೇಗ ಮೊಂಡಾಗುತ್ತದೆ. ಮೆತ್ತಗಾದಷ್ಟು ಭಾಗ ಸವೆದು ಹೋಗುವವರೆಗೆ ಬೇರೆ ದಾರಿ ಇಲ್ಲ.

ಎರಡನೇದು ಕೋನ. ಕಲ್ಲಿನ ಮೇಲೆ ಅಲಗು ಮಲಗಿಸಿದರೆ ಸೊನ್ನೆ, ನೆಟ್ಟಗೆ ನಿಲ್ಲಿಸಿದರೆ 90. ಅದರ ಅರ್ಧ 45, ಅದರ ಅರ್ಧ ಇಪ್ಪತ್ತೆರಡೂವರೆ. ಅದಕ್ಕಿಂತ ಒಂಚೂರು ಕೆಳಗೆ ಇಳಿಸಿ. 15ರಿಂದ 20ರ ನಡುವೆ ಇದ್ದರೆ ಸಾಕು. ಸರಿಯಾದ ಡಿಗ್ರಿಗಿಂತ ಮುಖ್ಯವಾದದ್ದು, ಹಿಡಿದ ಕೋನ ಕೊನೆವರೆಗೂ ಅಲುಗಬಾರದು. ಮಾರ್ಕರ್ ಪೆನ್ನಿನಿಂದ ಅಂಚಿಗೆ ಬಣ್ಣ ಬಳಿದುಕೊಳ್ಳಿ. ಒಂದು ಸಲ ಉಜ್ಜಿ ನೋಡಿ. ಬಣ್ಣ ಮೇಲ್ಭಾಗದಲ್ಲಿ ಮಾತ್ರ ಹೋಗಿದ್ದರೆ ಬೆನ್ನು ಸ್ವಲ್ಪ ಎತ್ತಿ. ತುದಿಯಲ್ಲಿ ಮಾತ್ರ ಹೋಗಿದ್ದರೆ ಇಳಿಸಿ.

ಮೂರನೇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಒಂದು ಪಕ್ಕ ಉಜ್ಜುತ್ತಾ ಹೋದರೆ ಆಚೆ ಪಕ್ಕಕ್ಕೆ ಉಕ್ಕು ತಳ್ಳಿಕೊಂಡು ತೆಳ್ಳಗೆ ಮಡಚಿಕೊಳ್ಳುತ್ತದೆ. ಬೆನ್ನಿನಿಂದ ಅಂಚಿನ ಕಡೆಗೆ ಹೆಬ್ಬೆರಳು ಮೆಲ್ಲಗೆ ಸವರಿದರೆ ತುದಿಯಲ್ಲಿ ಗರಗರ ಅನ್ನುತ್ತದೆ. ಇದನ್ನೇ ಬರ್ ಅನ್ನೋದು. ಹಿಡಿಯ ಹತ್ತಿರದಿಂದ ಮೊನೆವರೆಗೂ ಅದು ಎದ್ದ ಮೇಲೇ ಪಕ್ಕ ಬದಲಿಸಬೇಕು. ಹತ್ತು ಸಲ ಈ ಕಡೆ, ಹತ್ತು ಸಲ ಆ ಕಡೆ ಅಂತ ಎಣಿಸುವ ಅಭ್ಯಾಸ ಬಿಡಿ. ಬರ್ ಬರದೆ ಪಕ್ಕ ಬದಲಿಸಿದರೆ ಇಡೀ ದಿನ ಮಸೆದರೂ ಮೊಂಡೇ.

ಕೊನೆಗೆ ಆ ಬರ್ ತೆಗೆಯಬೇಕು. ನಯವಾದ ಕಲ್ಲಿನ ಮೇಲೆ ಕೈ ಭಾರ ಹಾಕದೆ ಒಂದೊಂದೇ ಸಲ ಪಕ್ಕ ಬದಲಿಸಿ. ಆಮೇಲೆ ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ ಅಂಚು ಹಿಂದಿರುವಂತೆ ಎಳೆಯಿರಿ. ಬೆಲ್ಟ್ ಇಲ್ಲದಿದ್ದರೆ ಮರದ ಹಲಗೆ ಮೇಲೆ ದಿನಪತ್ರಿಕೆ ಹಾಸಿಕೊಂಡರೂ ನಡೆಯುತ್ತದೆ.

ಹೊಸಬ್ಬ (ತುಮಕೂರು):

ಕುಲುಮೆ ಅಣ್ಣಾ, ಯಾವ ಕಲ್ಲು ತಗೊಳ್ಳಲಿ? ಆನ್‌ಲೈನ್‌ನಲ್ಲಿ ನೋಡಿದರೆ ಸಾವಿರಾರು ರೂಪಾಯಿ ಇದೆ. ನಮ್ಮಮ್ಮ ಉಪ್ಪಿನಕಾಯಿ ಭರಣಿ ಬೋರಲು ಹಾಕಿ ಅದರ ಅಡಿಗೆ ಉಜ್ಜುತ್ತಾರೆ. ಅದು ನಡೆಯುತ್ತಾ?

ಕುಲುಮೆ (ಹಾಸನ):

ಧಾರಾಳವಾಗಿ ನಡೆಯುತ್ತದೆ ತಮ್ಮಾ. ಭರಣಿಯ ಅಡಿಯಲ್ಲಿ ಹೊಳಪು ಇಲ್ಲದ ಒಂದು ಬಳೆ ಇರುತ್ತದಲ್ಲ, ಅದು ಸುಟ್ಟ ಪಿಂಗಾಣಿ, ಉಕ್ಕಿಗಿಂತ ಗಟ್ಟಿ. ನಯವಾದ ಕಲ್ಲಿನ ಕೆಲಸ ಮಾಡುತ್ತದೆ. ನಿಮ್ಮ ತಾಯಿಯವರು ಮಾಡುತ್ತಿರುವುದು ಸರಿಯಾಗೇ ಇದೆ. ಪೂರ್ತಿ ಮೊಂಡಾದ ಚಾಕುವಿಗೆ ಮಾತ್ರ ಅದು ಸಾಲದು. ತುಂಬಾ ಹೊತ್ತು ಹಿಡಿಯುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಬಡಗಿಗಳು ಕೊಳ್ಳುವ ಎರಡು ಮುಖದ ಕಾರ್ಬೊರಂಡಮ್ ಕಲ್ಲು ಕೇಳಿ. ಒಂದು ಕಡೆ ಒರಟು, ಒಂದು ಕಡೆ ನಯ. ಅದರಿಂದ ಶುರು ಮಾಡಿ. ನೀರು ಹಾಕುತ್ತೀರೋ ಎಣ್ಣೆ ಹಾಕುತ್ತೀರೋ, ಮೊದಲ ದಿನವೇ ಗೊತ್ತು ಮಾಡಿಕೊಳ್ಳಿ. ಎಣ್ಣೆ ಕುಡಿದ ಕಲ್ಲಿಗೆ ಆಮೇಲೆ ನೀರು ಹಿಡಿಯುವುದಿಲ್ಲ. ಕೈ ಕುದುರಿದ ಮೇಲೆ ಆಸೆ ಇದ್ದರೆ 1000 ನಂಬರಿನ ಜಪಾನಿ ನೀರುಕಲ್ಲು ತಗೊಳ್ಳಿ.

ಇನ್ನೊಂದು. ಕಲ್ಲು ನಡುವೆ ಸವೆದು ಗುಳಿ ಬೀಳುತ್ತದೆ. ಗುಳಿ ಬಿದ್ದ ಕಲ್ಲಿನಲ್ಲಿ ಕೋನ ನಿಲ್ಲೋದಿಲ್ಲ. ದಪ್ಪ ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ, ಆಗಾಗ ಕಲ್ಲನ್ನು ಅದರ ಮೇಲೆ ಉಜ್ಜಿ ಸಮ ಮಾಡಿಕೊಳ್ಳಿ.

ಕಡಲದಂಡೆ (ಕುಂದಾಪುರ ಕಡೆ):

ಭರಣಿ ಮಾತು ಬಂತಲ್ಲ, ನಮ್ಮ ಕಡೆಯದೂ ಒಂದು ಹೇಳುತ್ತೇನೆ ಮಾರಾಯ್ರೇ. ಶೇಂದಿ ಇಳಿಸುವವರ ಕತ್ತಿ ನೋಡಿದ್ದೀರಾ? ಅಷ್ಟು ಹರಿತ ಕ್ಷೌರದ ಕತ್ತಿಗೂ ಇರೋದಿಲ್ಲವೇನೋ. ತೆಂಗಿನ ಹೊಂಬಾಳೆಯನ್ನು ದಿನಾ ತೆಳ್ಳಗೆ, ಕಾಗದದ ಹಾಗೆ ಕೆತ್ತಬೇಕು. ಅಂಚು ಸ್ವಲ್ಪ ಒರಟಾದರೂ ಹೊಂಬಾಳೆ ಜಜ್ಜಿಹೋಗಿ ಸರಿಯಾಗಿ ಸುರಿಯುವುದಿಲ್ಲ.

ಅವರು ಮಸೆಯೋದು ಕಲ್ಲಿನ ಮೇಲಲ್ಲ, ಮರದ ಮೇಲೆ. ಉದ್ದ ಮರದ ತುಂಡಿನ ಮೇಲೆ ಬೆಣಚುಕಲ್ಲಿನ ನುಣುಪಾದ ಪುಡಿ ಉದುರಿಸಿ, ಕತ್ತಿಯನ್ನು ಎಳೆದು ಎಳೆದು ಉಜ್ಜುತ್ತಾರೆ. ಪುಡಿ ಮರದೊಳಗೆ ಕೂತು ಹಿಡಿದುಕೊಳ್ಳುತ್ತದೆ. ಸಾಣೆ ಮತ್ತು ಬೆಲ್ಟು ಎರಡರ ಕೆಲಸವೂ ಒಂದರಲ್ಲೇ ಆಯಿತು. ನಾನು ನನ್ನ ವಿಕ್ಟೋರಿನಾಕ್ಸ್‌ಗೂ ಇದನ್ನೇ ಮಾಡುತ್ತೇನೆ. ಆ ಚಾಕುವಿನ ಉಕ್ಕು ಅಷ್ಟೇನೂ ಗಟ್ಟಿ ಅಲ್ಲ. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ಉಪ್ಪು ಗಾಳಿಗೆ ತುಕ್ಕು ಹಿಡಿಯೋದೂ ಕಡಿಮೆ. ಸಮುದ್ರದ ಹತ್ತಿರ ಇರೋರು ಕಾರ್ಬನ್ ಉಕ್ಕಿನ ಆಸೆ ಬಿಟ್ಟು ಸ್ಟೇನ್‌ಲೆಸ್ ತಗೊಳ್ಳಿ ಅಂತಲೇ ನಾನು ಹೇಳೋದು.

ನರ್ಸರಿಅಕ್ಕ (ಸಾಗರ):

ನೀವೆಲ್ಲ ಒಂದು ಚಾಕು ಬಿಟ್ಟಿದ್ದೀರಿ. ನಮ್ಮ ಹೊಟ್ಟೆ ತುಂಬಿಸುವ ಮಡಚುವ ಚಾಕು ಅದೇ. ಕಸಿ ಚಾಕು.

ನಾನು ಅಪ್ಪೆಮಿಡಿ, ಹಲಸು ಕಸಿ ಕಟ್ಟುತ್ತೇನೆ. ಕಾಳುಮೆಣಸನ್ನು ಬ್ರೆಜಿಲ್ ಹಿಪ್ಪಲಿ ಬುಡಕ್ಕೂ ಕಟ್ಟುತ್ತೇನೆ. ಕಸಿ ಚಾಕುವಿನ ಗುಟ್ಟು ಇರುವುದು ಅದರ ಬಾಯಿಯಲ್ಲಿ. ಮಾಮೂಲಿ ಚಾಕುವಿಗೆ ಎರಡೂ ಪಕ್ಕ ಇಳಿಜಾರು ಇರುತ್ತದೆ. ಕಸಿ ಚಾಕುವಿಗೆ ಒಂದೇ ಪಕ್ಕ. ಇನ್ನೊಂದು ಪಕ್ಕ ಪೂರ್ತಿ ಚಪ್ಪಟೆ. ಯಾಕೆ ಅಂದರೆ, ಚಪ್ಪಟೆ ಪಕ್ಕವನ್ನು ಕಡ್ಡಿಗೆ ತಾಗಿಸಿ ಎಳೆದಾಗ ಕೊಯ್ತ ನೇರ ಬರುತ್ತದೆ. ಎರಡು ಕಡೆ ಇಳಿಜಾರಿನ ಚಾಕುವಿನಲ್ಲಿ ಕೊಯ್ತ ನಡುವೆ ಬಗ್ಗುತ್ತದೆ. ಕಣ್ಣಿಗೆ ಕಾಣದಷ್ಟು ಬಗ್ಗಿದರೂ ಬುಡಗಿಡಕ್ಕೂ ಕಸಿಕಡ್ಡಿಗೂ ನಡುವೆ ಗಾಳಿ ಉಳಿಯುತ್ತದೆ. ತೊಗಟೆಯ ಕೆಳಗಿನ ಹಸಿರು ಪದರಕ್ಕೆ ಹಸಿರು ಪದರ ಅಂಟದಿದ್ದರೆ ಕಡ್ಡಿ ಒಣಗಿತು ಅಂತಲೇ.

ಕಡ್ಡಿ ಕೆತ್ತುವುದೂ ಹಾಗೆ. ಪೆನ್ಸಿಲ್ ಹೆರೆದ ಹಾಗೆ ಸಣ್ಣ ಸಣ್ಣದಾಗಿ ಹೆರೆಯಬಾರದು. ಮೊಣಕೈ ಮೈಗೆ ಒತ್ತಿಕೊಂಡು, ಮಣಿಕಟ್ಟು ಅಲುಗಿಸದೆ, ಇಡೀ ತೋಳು ಹಿಂದಕ್ಕೆ ಎಳೆಯಬೇಕು. ಹಿಡಿಯ ಹತ್ತಿರ ಶುರುವಾದ ಕೊಯ್ತ ಮೊನೆಯ ಹತ್ತಿರ ಮುಗಿಯಬೇಕು. ಒಂದೇ ಎಳೆತ. ಕೆತ್ತಿದ ಮೈ ಹೊಳೆಯಬೇಕು, ಬೆರಳು ತಾಗಿಸಬಾರದು. ಸಪ್ಪೆಯಾಗಿ, ಮಂಕಾಗಿ ಕಂಡರೆ ಚಾಕು ಮೊಂಡಾಗಿದೆ. ನಮ್ಮ ಹುಡುಗಿಯರಿಗೆ ನಾನು ಮೊದಲು ಮಸೆಯೋದು ಕಲಿಸುತ್ತೇನೆ, ಆಮೇಲೆ ಕಸಿ.

ಇಳಿಜಾರು ಇರುವ ಪಕ್ಕವನ್ನು ಮಾತ್ರ ಕಲ್ಲಿಗೆ ಹಿಡಿಯಿರಿ. ಬರ್ ಎದ್ದಾಗ ಚಪ್ಪಟೆ ಪಕ್ಕವನ್ನು ನಯ ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಒಂದೆರಡು ಸಲ ಎಳೆದರೆ ಸಾಕು. ಅಲ್ಲಿ ಬೆನ್ನು ಎತ್ತಿದರೆ ಚಪ್ಪಟೆತನ ಹೋಯಿತು. ಆಮೇಲೆ ಅದು ಹಣ್ಣು ಕೊಯ್ಯಲು ಮಾತ್ರ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಿ, ರೋಗ ಚಾಕುವಿನ ಮೂಲಕವೇ ಹರಡುತ್ತದೆ.

ಜರ್ಮನಿಯ ರಾಯ್ಟ್‌ಲಿಂಗನ್ ಊರಿನಲ್ಲಿ 1854ರಿಂದ ಟೀನಾ ಅನ್ನುವ ಕಂಪನಿ ಕಸಿ ಚಾಕು ಮಾಡುತ್ತಿದೆ. ಕಾರ್ಬನ್ ಉಕ್ಕು, ವಾಲ್‌ನಟ್ ಹಿಡಿ. ಬೆಲೆ ಜಾಸ್ತಿ. ಆದರೆ ಬೆಳಗಿನಿಂದ ಸಂಜೆವರೆಗೆ ಕಡ್ಡಿ ಕೆತ್ತುವವರಿಗೆ ದುಡ್ಡು ವಸೂಲು.

ತೋಟದಮನೆ (ಶಿರಸಿ ಹತ್ತಿರ):

ಅಕ್ಕಾ, ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಕಸಿಗೆ ಬರುವವರು ಬ್ಲೇಡಿನಲ್ಲೇ ಮಾಡುತ್ತಾರೆ. ಬ್ಲೇಡು ಆಗೋದಿಲ್ವಾ?

ನರ್ಸರಿಅಕ್ಕ (ಸಾಗರ):

ಎಳೆ ಗಿಡಕ್ಕೆ, ಮೆದು ಕಡ್ಡಿಗೆ ಆಗುತ್ತದೆ ತಮ್ಮಾ. ಮೆಣಸಿಗೆ ನಾನೂ ಬ್ಲೇಡ್ ಬಳಸುತ್ತೇನೆ. ಬಲಿತ ಮಾವಿನ ಕಡ್ಡಿಗೆ ಬ್ಲೇಡು ಬಾಗುತ್ತದೆ, ಬಾಗಿದ ಕೂಡಲೇ ಕೊಯ್ತವೂ ಬಾಗುತ್ತದೆ.

ಯಾರ್ಕ್‌ಷೈರ್‌ಕನ್ನಡಿಗ (ಶೆಫೀಲ್ಡ್):

ಮಡಚುಚಾಕು ಅವರೇ, ಅಜ್ಜನ ಪೆನ್‌ಚಾಕು ವಿಷಯ ನೋಡಿ ಬರೆಯಲೇಬೇಕು ಅನ್ನಿಸಿತು. ನಾನು ಇರುವುದು ಅದು ಹುಟ್ಟಿದ ಊರಿನಲ್ಲೇ.

ದಯವಿಟ್ಟು ಅದನ್ನು ಪಾಲಿಶ್ ಮಾಡಿಸಬೇಡಿ. ಅಲಗಿನ ಬುಡದಲ್ಲಿ, ಮೊಳೆಯ ಹತ್ತಿರ, ಭೂತಗನ್ನಡಿ ಹಿಡಿದು ನೋಡಿ. ಮಾಡಿದವರ ಹೆಸರು, ಗುರುತು ಒತ್ತಿರುತ್ತಾರೆ. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ ಇದ್ದರೆ ಜೋಸೆಫ್ ರಾಡ್ಜರ್ಸ್ ಕಂಪನಿಯದ್ದು. ಕಿರೀಟದ ಅಕ್ಕಪಕ್ಕ ವಿ ಮತ್ತು ಆರ್ ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ. 1851ರ ಲಂಡನ್ ಮಹಾಪ್ರದರ್ಶನಕ್ಕೆ 75 ಅಲಗಿನ ಚಾಕು ಮಾಡಿದ್ದು ಇದೇ ಕಂಪನಿ. ನಾರ್ಫೋಕ್ ನೈಫ್ ಅಂತ ಅದಕ್ಕೆ ಹೆಸರು.

ಹಳೇ ಚಾಕು ಕೊಳ್ಳುವವರು ನೋಡಬೇಕಾದ್ದು ಇದು. ಬಿಚ್ಚುವಾಗ, ಮಡಚುವಾಗ ಬೆನ್ನಿನ ಸ್ಪ್ರಿಂಗ್ ಟಕ್ ಅಂತ ಗಟ್ಟಿಯಾಗಿ ಸದ್ದು ಮಾಡಬೇಕು. ಬಿಚ್ಚಿದ ಅಲಗನ್ನು ಪಕ್ಕಕ್ಕೆ ಅಲ್ಲಾಡಿಸಿದರೆ ಅಲುಗಬಾರದು. ಬೆಳಕಿಗೆ ಹಿಡಿದರೆ ಸ್ಪ್ರಿಂಗಿಗೂ ಪಕ್ಕದ ಪಟ್ಟಿಗೂ ನಡುವೆ ಬೆಳಕು ಕಾಣಬಾರದು. ಮಡಚಿದಾಗ ಮೊನೆ ಹಿಡಿಯಿಂದ ಹೊರಗೆ ಇಣುಕುತ್ತಿದ್ದರೆ ಅಲಗು ಮಸೆದು ಮಸೆದು ಆಕಾರ ಕಳೆದುಕೊಂಡಿದೆ. ಅಂಥದ್ದಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

ಇಲ್ಲಿ ಒಬ್ಬೊಬ್ಬರೇ ಕೂತು, ಸಣ್ಣ ಕೊಠಡಿಯಲ್ಲಿ ಚಾಕು ಜೋಡಿಸುತ್ತಿದ್ದ ಕಸುಬುದಾರರನ್ನು ಲಿಟ್ಲ್ ಮೆಸ್ಟರ್ ಅನ್ನುತ್ತಿದ್ದರು. ಅವರಲ್ಲಿ ಬಹಳ ಹೆಸರಾದ ಸ್ಟಾನ್ ಶಾ 2021ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಹದಿಹರೆಯದಲ್ಲಿ ಕೆಲಸಕ್ಕೆ ಸೇರಿದವರು ಅವರು. ಅಲಗು, ಸ್ಪ್ರಿಂಗ್, ಹಿಡಿ ಎಲ್ಲವನ್ನೂ ಅರದಿಂದ ಉಜ್ಜಿ ಕೂರಿಸುತ್ತಿದ್ದರು.

ನಮ್ಮ ಸೀಮೆಗೂ ಲಂಡನ್ನಿನ ಪೆನ್‌ಚಾಕುವಿಗೂ ಒಂದು ನಂಟಿದೆ. ಮೈಸೂರು ಸೀಮೆಯಲ್ಲೂ ಮೂಸೆಯಲ್ಲಿ ಉಕ್ಕು ಮಾಡುತ್ತಿದ್ದರಲ್ಲ. 1800-01ರಲ್ಲಿ ಅಲ್ಲೆಲ್ಲ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕಾನನ್ ಅದನ್ನು ಕಂಡು ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಕಡ್ಡಿ, ಹಸಿ ಎಲೆ ಹಾಕಿ ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಭಾರತದ ಅಂಥ ಉಕ್ಕು ಲಂಡನ್ನಿಗೆ ಬಂದಾಗ ವೈದ್ಯ ಜಾರ್ಜ್ ಪಿಯರ್ಸನ್ ಪರೀಕ್ಷೆ ಮಾಡಿ 1795ರಲ್ಲಿ ಪ್ರಬಂಧ ಬರೆದರು. ಅವರು ಜೇಮ್ಸ್ ಸ್ಟೋಡಾರ್ಟ್ ಅನ್ನುವ ಕಸುಬುದಾರರ ಕೈಯಲ್ಲಿ ಅದರಿಂದ ಪೆನ್‌ಚಾಕು ಬಡಿಸಿ ನೋಡಿದರು. ಬಡಿಯುವುದು ಬಹಳ ಕಷ್ಟವಾಯಿತು. ಆದರೆ ಅಂಚು ಎಷ್ಟು ಚೆನ್ನಾಗಿ ನಿಂತಿತು ಅಂದರೆ, ಆಮೇಲೆ ಸ್ಟೋಡಾರ್ಟ್ ಈ ಉಕ್ಕನ್ನು ಯೂರೋಪಿನ ಉಕ್ಕಿಗಿಂತ ಮೇಲು ಅಂತ ತಮ್ಮ ಅಂಗಡಿಯ ಜಾಹೀರಾತಿನಲ್ಲೇ ಹೇಳಿಕೊಂಡರು. ಮುಂದೆ 1820ರಲ್ಲಿ ಮೈಕೆಲ್ ಫ್ಯಾರಡೆ ಜೊತೆ ಸೇರಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ಪ್ರಕಟಿಸಿದ್ದೂ ಇದೇ ಸ್ಟೋಡಾರ್ಟ್.

ಕುಲುಮೆ (ಹಾಸನ):

ಇದನ್ನು ಅಪ್ಪನಿಗೆ ಓದಿ ಹೇಳಿದೆ ಸರ್. ಬಡಿಯಲು ಕಷ್ಟವಾಗಿದ್ದಕ್ಕೆ ಅವರಿಗೆ ಆಶ್ಚರ್ಯ ಆಗಲಿಲ್ಲ. ಕಾರ್ಬನ್ ಜಾಸ್ತಿ ಇರುವ ಉಕ್ಕನ್ನು ಕೆಂಪು ಬಿಸಿಯಲ್ಲಿ ನಿಧಾನಕ್ಕೆ ಬಡಿಯಬೇಕು, ಬಿಳಿ ಬಿಸಿಗೆ ಏರಿಸಿದರೆ ಸುತ್ತಿಗೆ ಕೆಳಗೇ ಒಡೆದುಹೋಗುತ್ತದೆ ಅಂದರು.

ಹೊಸಬ್ಬ (ತುಮಕೂರು):

ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದರೆ ಪೊಲೀಸರು ಹಿಡಿಯೋದಿಲ್ವಾ? ಅದೇ ಭಯ ನನಗೆ.

ಕಪ್ಪುಕೋಟು (ಮೈಸೂರು):

ನಾನು ವಕೀಲ. ಸರಳವಾಗಿ ಹೇಳುತ್ತೇನೆ.

ಆಯುಧಗಳ ಕಾಯ್ದೆ 1959ರದ್ದು. ಅದರ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕು ಆಯುಧದ ಪಟ್ಟಿಗೆ ಬರುತ್ತದೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆ ಅಂತ ಮಾಡಿದ್ದು ಇದರಿಂದ ಹೊರಗೆ. ಇಲ್ಲಿ ಮಾತಾಡುತ್ತಿರುವ ಚಾಕುಗಳೆಲ್ಲ ಆ ಅಳತೆಗಿಂತ ಬಹಳ ಚಿಕ್ಕವು. ಆದರೆ ಬೇರೆ ರಾಜ್ಯಕ್ಕೆ ಹೋಗುವಾಗ ಎಚ್ಚರ ಇರಲಿ. ದೆಹಲಿಯಲ್ಲಿ 1980ರ ಅಧಿಸೂಚನೆ ಇದೆ. ಬಟನ್ ಒತ್ತಿದರೆ ತೆರೆಯುವ, 7.62 ಸೆಂಟಿಮೀಟರ್ ಅಥವಾ ಹೆಚ್ಚು ಉದ್ದದ ಅಲಗಿನ ಚಾಕು ಇಟ್ಟುಕೊಂಡು ಓಡಾಡುವವರ ಮೇಲೆ ಅದರಡಿ ಕೇಸು ಹಾಕುತ್ತಾರೆ.

ವಿಮಾನದಲ್ಲಿ ಕೈಚೀಲದಲ್ಲಿ ಬೇಡವೇ ಬೇಡ, ಕೌಂಟರಿನಲ್ಲಿ ಕೊಡುವ ಬ್ಯಾಗಿಗೆ ಹಾಕಿ. ಮೆಟ್ರೋ, ಕೋರ್ಟು, ಮಾಲ್ ಬಾಗಿಲಲ್ಲಿ ತಡೆಯುತ್ತಾರೆ. ನಿಷೇಧಾಜ್ಞೆ ಇರುವಾಗ, ಮೆರವಣಿಗೆ, ಚುನಾವಣೆ ಸಭೆಗೆ ಹೋಗುವಾಗ ಮನೆಯಲ್ಲೇ ಇಡಿ. ನನ್ನ ಸಲಹೆ ಇಷ್ಟೇ. ತೋಟಕ್ಕೆ, ಚಾರಣಕ್ಕೆ, ಕೆಲಸಕ್ಕೆ ಹೋಗುವಾಗ ಇರಲಿ. ಪೇಟೆಗೆ ಸುಮ್ನೆ ಯಾಕೆ?

ಯಾರ್ಕ್‌ಷೈರ್‌ಕನ್ನಡಿಗ (ಶೆಫೀಲ್ಡ್):

ಬ್ರಿಟನ್‌ಗೆ ಬರುವವರಿಗೆ ಒಂದು ಮಾತು ಸೇರಿಸುತ್ತೇನೆ. ಇಲ್ಲಿ 3 ಇಂಚಿಗಿಂತ ಹೆಚ್ಚಿಲ್ಲದ, ಲಾಕ್ ಆಗದ ಮಡಚುವ ಚಾಕುವನ್ನು ಕಾರಣ ಹೇಳದೆ ಇಟ್ಟುಕೊಳ್ಳಬಹುದು. ಒಪಿನೆಲ್ 8 ಎರಡೂ ಲೆಕ್ಕದಲ್ಲಿ ಹೊರಗೆ. ಉದ್ದವೂ ಜಾಸ್ತಿ, ಲಾಕೂ ಇದೆ. ಸರಿಯಾದ ಕಾರಣ ಇಲ್ಲದೆ ಅದನ್ನು ಜೇಬಿನಲ್ಲಿಟ್ಟುಕೊಂಡು ಬೀದಿಗೆ ಬರುವ ಹಾಗಿಲ್ಲ.

ಕಾಫಿತೋಟ (ಮಡಿಕೇರಿ):

ಮಡಚುವ ಚಾಕು ಅಲ್ಲ, ಆದರೂ ಹೇಳುತ್ತೇನೆ. ನಮ್ಮ ಕೊಡವರ ಚಿಕ್ಕ ಕತ್ತಿ ಪೀಚೆಕತ್ತಿಯನ್ನು ಮದುವೆಗೆ ಕುಪ್ಯ (ಉದ್ದ ಅಂಗಿ) ಹಾಕಿದಾಗ ಚೇಲೆಗೆ (ಸೊಂಟಪಟ್ಟಿಗೆ) ಸಿಕ್ಕಿಸಿಕೊಳ್ಳುತ್ತೇವೆ. ಕೈಲ್ ಪೊಳ್ದ್, ಅಂದರೆ ನಮ್ಮ ಆಯುಧ ಪೂಜೆ ಹಬ್ಬದ ದಿನ ಕೋವಿ, ಅಗಲ ಅಲಗಿನ ಒಡಿಕತ್ತಿ ಜೊತೆ ಅದಕ್ಕೂ ಪೂಜೆ. ಬಹಳ ಮನೆಗಳಲ್ಲಿ ಬೆಳ್ಳಿಯ ಒರೆಗೆ ಮಾತ್ರ ಪಾಲಿಶ್ ಮಾಡುತ್ತಾರೆ, ಒಳಗೆ ಅಲಗು ತುಕ್ಕು ಹಿಡಿದು ಕೂತಿರುತ್ತದೆ. ಒರೆಯಲ್ಲೇ ವರ್ಷಗಟ್ಟಲೆ ಬಿಡಬೇಡಿ, ಒರೆಯೊಳಗಿನ ಮರ ತೇವ ಹಿಡಿಯುತ್ತದೆ. ತೆಗೆದು ಎಣ್ಣೆ ಬಟ್ಟೆಯಲ್ಲಿ ಸುತ್ತಿಡಿ.

ಕಡಲದಂಡೆ (ಕುಂದಾಪುರ ಕಡೆ):

ರಾಂಪುರಿ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಸಂಗ್ರಹ ಮಾಡುವವರು ನಮ್ಮ ದೇಶದ್ದನ್ನು ಬಿಡಬಾರದು.

ಮಡಚುಚಾಕು (ಬೆಂಗಳೂರು):

ಸರಿಯಾದ ಮಾತು. ಉತ್ತರ ಪ್ರದೇಶದ ರಾಂಪುರದ ಕಸುಬುದಾರರು ನವಾಬರ ಕಾಲದಿಂದ ಮಾಡುತ್ತಾ ಬಂದ ಚಾಕು ಅದು. ಹಿತ್ತಾಳೆಯ ಹಿಡಿ, ಅದರ ಮೇಲೆ ಕೆತ್ತನೆ, ಕೆಲವಕ್ಕೆ ಮೀನಿನ ಆಕಾರ. ಸಿನಿಮಾಗಳಲ್ಲಿ ಅದನ್ನು ರೌಡಿಗಳ ಕೈಗೆ ಕೊಟ್ಟು ಹೆಸರು ಕೆಡಿಸಿದರು. 1990ರ ದಶಕದಲ್ಲಿ ಅಲ್ಲಿನ ಸರ್ಕಾರ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗನ್ನು ತಡೆದ ಮೇಲೆ ಕಸುಬು ಬಹಳ ಕುಗ್ಗಿತು. 2023ರಲ್ಲಿ ಊರಿನ ಒಂದು ವೃತ್ತದಲ್ಲಿ 20 ಅಡಿಯ ರಾಂಪುರಿ ಚಾಕು ನಿಲ್ಲಿಸಿದ್ದಾರೆ. ಸ್ಮಾರಕ ಚೆನ್ನಾಗಿದೆ. ಆದರೆ ಆ ಚಾಕು ಮಾಡುವವರ ಮಕ್ಕಳಿಗೆ ಕೆಲಸ ಸಿಗಬೇಕಾದರೆ ಒಳ್ಳೆ ಉಕ್ಕಿನ, ಚಿಕ್ಕ ಅಲಗಿನ, ದಿನಬಳಕೆಯ ಚಾಕುವನ್ನು ನಮ್ಮಂಥವರು ಕೇಳಿ ಕೊಳ್ಳಬೇಕು.

ಜಪಾನಿನಲ್ಲೂ ಇದೇ ಆಗಿದೆ. ಹಿಗೊನೊಕಾಮಿ 1890ರ ದಶಕದಲ್ಲಿ ಮಿಕಿ ಊರಿನಲ್ಲಿ ಹುಟ್ಟಿದ್ದು. ಶಾಲೆ ಮಕ್ಕಳು ಪೆನ್ಸಿಲ್ ಹೆರೆಯಲು ಚೀಲದಲ್ಲೇ ಇಟ್ಟುಕೊಳ್ಳುತ್ತಿದ್ದರು. 1960ರಲ್ಲಿ ರಾಜಕಾರಣಿ ಅಸಾನುಮಾ ಅವರನ್ನು ವೇದಿಕೆ ಮೇಲೆಯೇ ಕತ್ತಿಯಿಂದ ಕೊಂದ ಮೇಲೆ ಮಕ್ಕಳ ಕೈಯಿಂದ ಚಾಕು ಬಿಡಿಸಬೇಕು ಅನ್ನುವ ಕೂಗು ಎದ್ದಿತು. ಮಾಡುವವರು ಒಬ್ಬೊಬ್ಬರಾಗಿ ಮುಚ್ಚಿದರು. ಈಗ ಆ ಹೆಸರಿನ ಹಕ್ಕು ಇರುವುದು ನಾಗಾವೊ ಕುಟುಂಬದ ಕಾರ್ಖಾನೆಗೆ ಮಾತ್ರ. ಅದರಲ್ಲಿ ಲಾಕೂ ಇಲ್ಲ, ಸ್ಪ್ರಿಂಗೂ ಇಲ್ಲ. ಅಲಗಿನ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೇ ಅಲಗು ನಿಲ್ಲೋದು. ಮಸೆಯಲು ಇದರಷ್ಟು ಸುಲಭ ಇನ್ನೊಂದಿಲ್ಲ. ಇಳಿಜಾರು ಅಗಲವಾಗಿದೆ, ಕಲ್ಲಿನ ಮೇಲೆ ಇಟ್ಟರೆ ತಾನೇ ಕೂರುತ್ತದೆ, ಕೋನ ಹುಡುಕುವ ಕೆಲಸ ಇಲ್ಲ.

ಮೇಷ್ಟ್ರು (ದಾವಣಗೆರೆ):

ಮಕ್ಕಳ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ಮಗಳಿಗೆ ಹತ್ತು ವರ್ಷ. ಕಲಿಸಬಹುದಾ? ಅವಳು ಎಡಚಿ ಬೇರೆ. ಮನೆಯಲ್ಲಿ ಹಿರಿಯರು ಚಾಕು ಮುಟ್ಟಲೂ ಬಿಡುವುದಿಲ್ಲ.

ಕುಲುಮೆ (ಹಾಸನ):

ಕಲಿಸಿ ಮೇಷ್ಟ್ರೇ. ಹರಿತ ಚಾಕುವಿನಲ್ಲೇ ಕಲಿಸಿ. ಮೊಂಡು ಚಾಕುವಿಗೆ ಬಲ ಹಾಕಬೇಕು, ಬಲ ಹಾಕಿದಾಗಲೇ ಜಾರಿ ಕೈಗೆ ಬೀಳೋದು. ಕೂತುಕೊಂಡೇ ಕೆಲಸ ಮಾಡಲಿ, ಅಲಗು ಯಾವಾಗಲೂ ಮೈಯಿಂದ ಆಚೆ ಹೋಗಲಿ. ಇನ್ನೊಬ್ಬರಿಗೆ ಕೊಡುವಾಗ ಕೈಗೆ ಕೊಡದೆ ಕೆಳಗೆ ಇಡಲಿ, ಅವರು ಎತ್ತಿಕೊಳ್ಳಲಿ. ನಮ್ಮ ಹಿರಿಯರು ಹೇಳುತ್ತಿದ್ದ ಈ ಪದ್ಧತಿ ಸರಿಯಾಗಿದೆ. ಲಾಕ್ ಇರುವುದನ್ನೇ ಕೊಡಿ. ಒಪಿನೆಲ್‌ನವರು ಮೊನೆ ಉರುಟಾಗಿರುವ ಮಕ್ಕಳ ಚಾಕು ಮಾಡುತ್ತಾರೆ.

ಮೇಷ್ಟ್ರು (ದಾವಣಗೆರೆ):

ಧನ್ಯವಾದ. ಎಡಗೈಗೆ ಬೇರೆ ಚಾಕು ಬೇಕಾ?

ನರ್ಸರಿಅಕ್ಕ (ಸಾಗರ):

ಪೆನ್ಸಿಲ್ ಹೆರೆಯಲು, ಹಣ್ಣು ಕೊಯ್ಯಲು ಬೇಡ ಸರ್. ಎರಡು ಕಡೆ ಇಳಿಜಾರು ಇರುವ ಚಾಕು ಯಾವ ಕೈಗಾದರೂ ಸರಿ. ಉಗುರು ಹಾಕುವ ಗೀರು ಒಂದೇ ಪಕ್ಕ ಇರುತ್ತದೆ, ಅದು ಬಲಗೈಯವರ ಹೆಬ್ಬೆರಳಿಗೆ ಅಂತ ಮಾಡಿದ್ದು. ಮಗಳು ಚಾಕುವನ್ನು ಎಡಗೈಯಲ್ಲೇ ಹಿಡಿದು ಬಲಗೈ ಹೆಬ್ಬೆರಳಿನಿಂದ ಬಿಚ್ಚಲಿ, ಬೇಗ ರೂಢಿಯಾಗುತ್ತದೆ.

ಮುಂದೆ ಕಸಿ ಕಲಿಯುವ ಆಸೆ ಬಂದರೆ ಮಾತ್ರ ಎಡಗೈ ಚಾಕುವೇ ಬೇಕು. ಬಲಗೈಯವರ ಕಸಿ ಚಾಕುವನ್ನು ಎಡಗೈಯಲ್ಲಿ ಹಿಡಿದರೆ ಇಳಿಜಾರಿನ ಪಕ್ಕ ಕಡ್ಡಿಗೆ ತಾಗುತ್ತದೆ, ಕೊಯ್ತ ಚಪ್ಪಟೆ ಬರುವುದೇ ಇಲ್ಲ. ಎಡಗೈಯದ್ದು ಬೇರೆಯಾಗೇ ಮಾಡುತ್ತಾರೆ, ಬೆಲೆ ಸ್ವಲ್ಪ ಜಾಸ್ತಿ. ತರಿಸುವಾಗಲೇ ಎಡಗೈಗೆ ಅಂತ ಹೇಳಿ, ಬಂದ ಮೇಲೆ ಚಪ್ಪಟೆ ಪಕ್ಕ ಯಾವುದು ಅಂತ ನೋಡಿಯೇ ಕಲ್ಲಿಗೆ ಹಿಡಿಯಿರಿ.